ಚಾರಣಕ್ಕೆ ಎಂಥ ರೈನ್‌ಕೋಟು?



ಹುಣಸೂರಿನಿಂದ ನಾಗರಹೊಳೆಯ ಕಡೆಗೆ ಹೊರಟರೆ, ಕಾಡು ಆರಂಭವಾಗುವ ಅಂಚಿನಲ್ಲಿ ವೀರನಹೊಸಹಳ್ಳಿ ಸಿಗುತ್ತದೆ. ದಸರಾ ಆನೆಗಳ ಗಜಪಯಣ ಮೈಸೂರಿಗೆ ಹೊರಡುವುದು ಇಲ್ಲಿಂದಲೇ ಆದ್ದರಿಂದ ಊರಿನ ಹೆಸರನ್ನು ನೀವು ಕೇಳಿರುತ್ತೀರಿ. ಕೆಲವು ವರ್ಷಗಳ ಹಿಂದೆ, ಒಂದು ಜುಲೈ ತಿಂಗಳಿನಲ್ಲಿ, ಚಿತ್ರೀಕರಣಕ್ಕೆಂದು ಅರಣ್ಯ ಇಲಾಖೆಯ ಅನುಮತಿ ಪಡೆದು, ವಾಚರ್ ಒಬ್ಬರ ಜೊತೆಯಲ್ಲಿ ನಾವು ಮೂವರು ಅಲ್ಲಿಂದ ಕಾಡಿನೊಳಗೆ ನಡೆದೆವು. ನನ್ನ ಮೈಮೇಲೆ ಹಿಂದಿನ ದಿನವಷ್ಟೇ ಕೊಂಡಿದ್ದ ಪ್ಲಾಸ್ಟಿಕ್ ರೈನ್‌ಕೋಟು. ವಾಚರ್ ಅವರ ತಲೆಯ ಮೇಲೆ ಗೊಬ್ಬರದ ಚೀಲವನ್ನು ಮಡಚಿ ಮಾಡಿದ ಕೊಪ್ಪೆ. ಮನಸ್ಸಿನಲ್ಲಿಯೇ ನಾನು ಸ್ವಲ್ಪ ಬೀಗಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಅರ್ಧ ಗಂಟೆ ನಡೆದಿರಬೇಕು. ವಾಚರ್ ತಟ್ಟನೆ ನಿಂತು ಕೈ ಎತ್ತಿದರು. ನನಗೆ ಏನೂ ಕೇಳಿಸಲಿಲ್ಲ. ಟೋಪಿಯ ಮೇಲೆ ಮಳೆ ಹನಿಗಳು ತಮಟೆ ಬಾರಿಸಿದಂತೆ ಬೀಳುತ್ತಿದ್ದವು. ಅವರು ಹತ್ತಿರ ಬಂದು, "ಟೋಪಿ ಇಳಿಸಿ ಸಾರ್, ಕಿವಿ ಮುಚ್ಕೊಂಡು ಕಾಡಲ್ಲಿ ನಡೀಬಾರ್ದು" ಎಂದು ಪಿಸುಗುಟ್ಟಿದರು. ಇಳಿಸಿದೆ. ಲಂಟಾನ ಪೊದೆಗಳ ಆಚೆ ಕೊಂಬೆ ಮುರಿಯುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಆನೆ! ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಿದೆವು. ಹೊರಗೆ ಬಂದು ಕೋಟು ಬಿಚ್ಚಿದರೆ ಒಳಗಿನ ಅಂಗಿ ಹಿಂಡುವಷ್ಟು ಒದ್ದೆ. ಅದು ಮಳೆಯ ನೀರಲ್ಲ, ನನ್ನದೇ ಬೆವರು. ಗಾಳಿ ಬೀಸಿದಾಗ ಹಲ್ಲು ಕಟಕಟಿಸತೊಡಗಿತು. ಕೊಪ್ಪೆ ಹಾಕಿದ್ದವರ ಮೊಣಕಾಲಿನ ಕೆಳಗೆ ಮಾತ್ರ ಒದ್ದೆಯಾಗಿತ್ತು.

ವಿಜ್ಞಾನ ಓದಿದ ನಾನು ಅಂಗಡಿಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳಿರಲಿಲ್ಲ. ನೀವಾದರೂ ಕೇಳಲಿ ಎಂದು ಈ ಮಾತು.

ಮಳೆಯಂಗಿಗೆ ಎರಡು ಕೆಲಸಗಳಿವೆ. ಹೊರಗಿನ ನೀರು ಒಳಗೆ ಬರಬಾರದು. ಒಳಗಿನ ಬೆವರಿನ ಆವಿ ಹೊರಗೆ ಹೋಗಬೇಕು. ಮೊದಲನೆಯ ಕೆಲಸ ಸುಲಭ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ರಬ್ಬರಿನ ಪದರ ಸೇರಿಸಿ ಅದನ್ನು ಸಾಧಿಸಿದ. ಎರಡನೆಯದು ಕಷ್ಟ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ರಭಸದಿಂದ ಎಳೆದಾಗ, ಅತಿ ಸೂಕ್ಷ್ಮ ರಂಧ್ರಗಳಿರುವ ಹಾಳೆ ದೊರೆಯಿತು. ನೀರಿನ ಹನಿ ಆ ರಂಧ್ರದಲ್ಲಿ ನುಸುಳದು. ಆವಿಯ ಅಣು ನುಸುಳುತ್ತದೆ. ಗೋರ್-ಟೆಕ್ಸ್ ಎಂಬ ಹೆಸರಿನ ಬಟ್ಟೆ ಹುಟ್ಟಿದ್ದು ಹೀಗೆ.

ಹಾಗಾದರೆ ಅದನ್ನೇ ಕೊಳ್ಳೋಣವೇ? ಅಂಥ ಒಳ್ಳೆಯ ಜಾಕೆಟ್ಟಿನ ಬೆಲೆ ಸಾಮಾನ್ಯವಾಗಿ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಇನ್ನೊಂದು ಮಾತೂ ಇದೆ. ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿಯಲ್ಲಿ ಆವಿ ಕಡಿಮೆ ಇರಬೇಕು. ಚಳಿ ದೇಶಗಳ ಒಣಗಾಳಿಯಲ್ಲಿ ಈ ಬಟ್ಟೆ ಚೆನ್ನಾಗಿ ಉಸಿರಾಡುತ್ತದೆ. ನಮ್ಮ ಮುಂಗಾರಿನಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ, ಅದಕ್ಕೆ ಕೊಟ್ಟ ಹಣದ ಪೂರ್ತಿ ಫಲ ಸಿಗದು. ಚೀಲ ಹೊತ್ತು ಏರು ಹತ್ತುವವನಿಗೆ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಬೆವರು ಬರಬಹುದು. ಅಷ್ಟನ್ನು ಹೊರಹಾಕಲು ಸೂಕ್ಷ್ಮ ರಂಧ್ರಕ್ಕಿಂತ ದೊಡ್ಡ ಕಿಟಕಿಯೇ ಮೇಲು. ಕೊಪ್ಪೆಯ ಗುಟ್ಟು ಇದೇ: ಅದರ ಮುಂಭಾಗ ಪೂರ್ತಿ ತೆರೆದಿರುತ್ತದೆ. ಆದ್ದರಿಂದ ಕಂಕುಳಿನ ಕೆಳಗೆ ಜಿಪ್ ಇರುವ, ಬೆನ್ನಿನ ಮಡಿಕೆಯಲ್ಲಿ ಗಾಳಿ ಆಡುವ ಸಾಧಾರಣ ಜಾಕೆಟ್ ನಮ್ಮ ಹವೆಗೆ ಸಾಕು.

ಈಗ ಬಟ್ಟೆಯ ಮೇಲಿನ ಚೀಟಿಯನ್ನು ಓದೋಣ. ಅದರಲ್ಲಿ 3000 ಮಿ.ಮೀ., 5000 ಮಿ.ಮೀ. ಎಂದಿರುತ್ತದೆ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಂತರೆ ನೀರು ಜಿನುಗುತ್ತದೆ ಎಂಬುದೇ ಆ ಅಂಕಿ. ಬರಿಯ ಮಳೆಗೆ 1500 ಸಾಕೆನ್ನಬಹುದು. ಆದರೆ ನಿಮ್ಮ ಹೆಗಲ ಮೇಲೆ ಚೀಲವಿದೆಯಲ್ಲ! ಒಂದು ಸಣ್ಣ ಲೆಕ್ಕ ಮಾಡಿ. ಚೀಲದ ತೂಕ 10 ಕೆ.ಜಿ. ಪಟ್ಟಿಯ ಅಗಲ 5 ಸೆಂ.ಮೀ., ಭುಜಕ್ಕೆ ಒತ್ತುವ ಉದ್ದ 10 ಸೆಂ.ಮೀ. ಎಂದಿಟ್ಟುಕೊಳ್ಳಿ. ಎರಡು ಪಟ್ಟಿಗಳು ಸೇರಿ 100 ಚದರ ಸೆಂ.ಮೀ. ಆಯಿತು. ಪ್ರತಿ ಚದರ ಸೆಂ.ಮೀ.ಗೆ 100 ಗ್ರಾಂ ಒತ್ತಡ. ಅದು ಸರಿಯಾಗಿ 1000 ಮಿ.ಮೀ. ನೀರಿನ ಕಂಬದ ಒತ್ತಡ! ನಡೆಯುವಾಗಿನ ಕುಲುಕಾಟದಲ್ಲಿ, ಪಟ್ಟಿಯ ಅಂಚುಗಳಲ್ಲಿ ಇದು ಇನ್ನೂ ಹೆಚ್ಚುತ್ತದೆ. ಮಳೆ ತಡೆಯುವ ಅಗ್ಗದ ಕೋಟು ಭುಜದಲ್ಲೇ ಸೋರುವುದಕ್ಕೆ ಕಾರಣ ತಿಳಿಯಿತಲ್ಲವೇ? ಚೀಲ ಹೊರುವವರು 5000ಕ್ಕೆ ಕಡಿಮೆ ಇಲ್ಲದ್ದನ್ನು ಕೊಳ್ಳುವುದು ಒಳ್ಳೆಯದು.

ಬಟ್ಟೆ ಎಷ್ಟೇ ಗಟ್ಟಿಯಿರಲಿ, ಸೂಜಿ ಚುಚ್ಚಿದ ಕಡೆಯೆಲ್ಲ ಒಂದೊಂದು ತೂತು. ಜಾಕೆಟ್ಟನ್ನು ಒಳಮೈ ಹೊರಗೆ ಮಾಡಿ ನೋಡಿ. ಪ್ರತಿ ಹೊಲಿಗೆಯ ಮೇಲೂ ಟೇಪು ಅಂಟಿಸಿರಬೇಕು. ಜಿಪ್ಪಿನ ಮೇಲೆ ಮುಚ್ಚುವ ಪಟ್ಟಿ, ಸೊಂಟ ಮುಚ್ಚುವ ಉದ್ದ, ಬಿಗಿ ಮಾಡಬಹುದಾದ ತೋಳಿನ ತುದಿ, ಇವನ್ನೂ ನೋಡಿ. ಟೋಪಿ ತಲೆಯ ಜೊತೆಗೆ ತಿರುಗಬೇಕು. ಕಾಡಿನಲ್ಲಿ ಥಟ್ಟನೆ ಇಳಿಸಲು ಬರಬೇಕು. ಅಂಗಡಿಗೆ ಹೋಗುವಾಗ ನಿಮ್ಮ ಚೀಲವನ್ನೂ ಒಯ್ದು, ಹೊತ್ತುಕೊಂಡೇ ಅಳತೆ ನೋಡಿ. ಪಿ.ವಿ.ಸಿ. ಪ್ಲಾಸ್ಟಿಕ್ಕಿಗಿಂತ ಒಳಲೇಪನವಿರುವ ನೈಲಾನ್ ಅಥವಾ ಪಾಲಿಯೆಸ್ಟರ್ ಹೆಚ್ಚು ಬಾಳುತ್ತದೆ. ಸಣ್ಣ ಚೌಕಗಳ ನೇಯ್ಗೆಯಿದ್ದರೆ, ಲಂಟಾನದ ಮುಳ್ಳು ತಗುಲಿದರೂ ಹರುಕು ಮುಂದಕ್ಕೆ ಓಡುವುದಿಲ್ಲ.

ಬೆಲೆಯನ್ನು ವರ್ಷಕ್ಕೆ ಭಾಗಿಸಿ ನೋಡಿ. 400 ರೂಪಾಯಿಯ ಕೋಟು ಒಂದೇ ಮಳೆಗಾಲ ಬಾಳಿ, 1800 ರೂಪಾಯಿಯದು ಆರು ಮಳೆಗಾಲ ಬಾಳಿದರೆ ಅಗ್ಗದ್ದು ಯಾವುದು?

ಕೊಂಡ ಮೇಲೆ ಮನೆಯಲ್ಲೇ ಪರೀಕ್ಷಿಸಬಹುದು. ಭುಜದ ಒಳಗೆ ಹಳೆಯ ದಿನಪತ್ರಿಕೆಯ ಹಾಳೆ ಇಟ್ಟು, ತೂಕದ ಚೀಲ ಹೊತ್ತು, ಬಚ್ಚಲಿನ ಷವರಿನ ಕೆಳಗೆ ಹತ್ತು ನಿಮಿಷ ನಿಲ್ಲಿ. ಕಾಗದ ಎಲ್ಲಿ ಒದ್ದೆಯೋ ಸೋರಿಕೆ ಅಲ್ಲಿ.

ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ಉರುಳುವುದನ್ನು ಬಲ್ಲಿರಿ. ಹೊಸ ಜಾಕೆಟ್ಟಿನ ಮೇಲೂ ಹಾಗೆಯೇ. ಕೊಳೆ ಮೆತ್ತಿದಾಗ ಆ ಗುಣ ಕುಂದುತ್ತದೆ. ಸೌಮ್ಯವಾದ ಸಾಬೂನಿನಲ್ಲಿ ತೊಳೆದು, ನೆರಳಿನಲ್ಲಿ ತೂಗುಹಾಕಿ. ಒದ್ದೆಯಾಗಿಯೇ ಮಡಚಿ ಚೀಲದಲ್ಲಿ ತುರುಕಿದರೆ ತೇವ ಒಳಲೇಪನವನ್ನು ಕೆಡಿಸುತ್ತದೆ. ಅದು ಅಂಟಂಟಾಗಿ ಸಿಪ್ಪೆ ಏಳುತ್ತದೆ. ಎಷ್ಟೋ ಜಾಕೆಟ್ಟುಗಳು ಹಾಳಾಗುವುದು ಮಳೆಯಲ್ಲಲ್ಲ, ಕಪಾಟಿನಲ್ಲಿ.

ಕೊನೆಯದಾಗಿ ಎಚ್ಚರಿಕೆಯ ಮಾತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತರೆ, ಹಿಮವಿಲ್ಲದ ನಮ್ಮ ಬೆಟ್ಟಗಳಲ್ಲೂ ಮೈಬಿಸಿ ಅಪಾಯಕರವಾಗಿ ಇಳಿಯಬಹುದು. ಅದು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಪ್ರಾಣಕ್ಕೇ ಸಂಚಕಾರ. ಜೊತೆಯವರು ಬಿಡದೆ ನಡುಗುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಕೂಡಲೇ ಗಾಳಿ ಬಾರದ ಕಡೆ ಕೂರಿಸಿ, ಒಣ ಬಟ್ಟೆ ತೊಡಿಸಿ, ವೈದ್ಯರ ನೆರವು ಪಡೆಯಿರಿ. ಅದಕ್ಕಾಗಿ ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿನ ತಳದಲ್ಲಿಟ್ಟಿರಿ. ಕಾಡಿಗೆ ಅನುಮತಿ ಇಲ್ಲದೆ, ಬಲ್ಲವರ ಜೊತೆಯಿಲ್ಲದೆ ಹೋಗಬೇಡಿ.

ನನ್ನ ಆ ಪ್ಲಾಸ್ಟಿಕ್ ಕೋಟು ಮರುವರ್ಷದ ಮಳೆ ಕಾಣಲಿಲ್ಲ. ಈಗಿನದಕ್ಕೆ ಇದು ಏಳನೆಯ ಮಳೆಗಾಲ. ಕಾಡಿನ ಅಂಚಿಗೆ ಬಂದೊಡನೆ ಅದರ ಟೋಪಿಯನ್ನು ಇಳಿಸುತ್ತೇನೆ. ತಲೆ ಸ್ವಲ್ಪ ನೆನೆಯುತ್ತದೆ, ನೆನೆಯಲಿ. ಕಿವಿ ತೆರೆದಿರುತ್ತದೆ.