ಹೆಗಲಿಗೊಂದು ಚೀಲ, ತಲೆಗೊಂದು ವಸ್ತ್ರ: ಅಮೃತಸರದ ಯಾತ್ರೆ

(ಉತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ಕಾಶಿ, ರಾಮೇಶ್ವರ, ಪಂಢರಪುರ, ಶ್ರೀಶೈಲ ಎಂದರೆ ಹೇಗೆ ಹೊರಡಬೇಕು, ಎಲ್ಲಿ ಇಳಿದುಕೊಳ್ಳಬೇಕು ಎಂಬುದು ಮನೆಯ ಹಿರಿಯರಿಗೆ ಗೊತ್ತೇ ಇರುತ್ತದೆ. ಆದರೆ ಅಮೃತಸರ ಎಂದೊಡನೆ, ‘ಅದು ಸಿಖ್ಖರ ಸ್ಥಳ, ಬೇರೆಯವರನ್ನು ಒಳಗೆ ಬಿಡುತ್ತಾರೆಯೇ? ಭಾಷೆ ಬಾರದು, ಊಟಕ್ಕೇನು ಗತಿ?’ ಎಂಬ ಅನುಮಾನ ಬರುತ್ತದೆ. ಇದಕ್ಕೆ ಉತ್ತರ ಆ ಮಂದಿರದ ಕಟ್ಟಡದಲ್ಲಿಯೇ ಇದೆ. ಹರಿಮಂದಿರ ಸಾಹಿಬ್‌ಗೆ ನಾಲ್ಕೂ ದಿಕ್ಕಿಗೆ ಬಾಗಿಲುಗಳಿವೆ. ಯಾವ ಜಾತಿ, ಯಾವ ಮತದವರು ಬಂದರೂ ಸ್ವಾಗತ ಎಂಬುದು ಅದರ ಅರ್ಥ. ದೇವಸ್ಥಾನಕ್ಕೆ ಮೆಟ್ಟಿಲು ಹತ್ತಿ ಹೋಗುವುದು ರೂಢಿ. ಅಲ್ಲಿ ಮೆಟ್ಟಿಲು ಇಳಿದು ಹೋಗಬೇಕು.

ಈ ಕಡೆಯ ಯಾತ್ರಿಕನಿಗೆ ಒಂದು ಒಳ್ಳೆಯ ದಾರಿ ನಾಂದೇಡದ ಮೂಲಕ ಇದೆ. ಹತ್ತನೆಯ ಗುರು ಗೋವಿಂದಸಿಂಗರು 1708ರಲ್ಲಿ ದೇಹವಿಟ್ಟ ಸ್ಥಳವದು. ಅಲ್ಲಿ ಹಜೂರ್ ಸಾಹಿಬ್‌ನ ದರ್ಶನ ಮಾಡಿ ಸಚ್‌ಖಂಡ್ ಎಕ್ಸ್‌ಪ್ರೆಸ್ ಹತ್ತಿದರೆ ಅಮೃತಸರ ಸುಮಾರು ಎರಡು ಸಾವಿರ ಕಿಲೋಮೀಟರ್, ಒಂದೂವರೆ ದಿನದ ಪ್ರಯಾಣ. ಈ ರೈಲಿನದೊಂದು ವಿಶೇಷವಿದೆ. ದಾರಿಯ ಕೆಲವು ನಿಲ್ದಾಣಗಳಲ್ಲಿ ಸೇವಾದಾರರು ಪಾತ್ರೆಗಳನ್ನು ಹೊತ್ತು ಕಾದಿದ್ದು, ಪ್ರಯಾಣಿಕರಿಗೆ ಹಣವಿಲ್ಲದೆ ಊಟ ಬಡಿಸುತ್ತಾರೆ. ರಿಸರ್ವೇಶನ್ ಇದ್ದವರು, ಜನರಲ್ ಬೋಗಿಯವರು ಎಂಬ ಭೇದವಿಲ್ಲ. ಇದನ್ನು ಬಲ್ಲವರು ಚೀಲದಲ್ಲಿ ಒಂದು ತಟ್ಟೆ, ಒಂದು ಲೋಟ ಇಟ್ಟುಕೊಂಡೇ ಹೊರಡುತ್ತಾರೆ.

ಸಾಮಾನು ಕಡಿಮೆ ಇದ್ದಷ್ಟೂ ಯಾತ್ರೆ ಸುಖ. ಎರಡು ಜೊತೆ ಬಟ್ಟೆ, ಹೊದಿಕೆ, ಔಷಧಿ, ಗುರುತಿನ ಚೀಟಿ, ತಲೆಗೆ ಸುತ್ತಲು ಒಂದು ವಸ್ತ್ರ ಇದ್ದರೆ ಸಾಕು. ಪುಷ್ಯ, ಮಾಘ ಮಾಸಗಳಲ್ಲಿ ಪಂಜಾಬಿನ ಚಳಿ ಕಠಿಣ, ಉಣ್ಣೆಯ ಬಟ್ಟೆ ಮರೆಯಬಾರದು. ಬೀಡಿ, ಸಿಗರೇಟು, ತಂಬಾಕು, ಮದ್ಯ ಮಂದಿರದ ಆವರಣಕ್ಕೆ ಸಲ್ಲದು.

ಮಂದಿರದ ಬಳಿ ಗುರು ರಾಮದಾಸರ ಹೆಸರಿನ ಧರ್ಮಶಾಲೆ ಇದೆ. ಹೆಗಲಿಗೆ ಚೀಲ ಹಾಕಿಕೊಂಡು ಬರುವ ಪರದೇಶದ ಯುವಕರೂ ಅಲ್ಲಿ ತಂಗುತ್ತಾರೆ. ಚಪ್ಪಲಿ ಒಪ್ಪಿಸಿ, ತಲೆ ಮುಚ್ಚಿ, ಬಾಗಿಲ ಬಳಿ ಹರಿಯುವ ನೀರಿನಲ್ಲಿ ಕಾಲು ತೊಳೆದು ಒಳಗೆ ಹೋಗಬೇಕು. ಅಲ್ಲಿ ವಿಗ್ರಹವಿಲ್ಲ. 1604ರಲ್ಲಿ ಐದನೆಯ ಗುರು ಅರ್ಜನದೇವರು ಪ್ರತಿಷ್ಠಾಪಿಸಿದ್ದು ಗ್ರಂಥವನ್ನು. ಅದರಲ್ಲಿ ಸಿಖ್ ಗುರುಗಳ ವಾಣಿಯ ಜೊತೆಗೆ ಪಂಢರಪುರದ ಭಕ್ತ ನಾಮದೇವ, ನೇಯ್ಗೆಯ ಕಬೀರ, ಚಮ್ಮಾರ ರವಿದಾಸ, ಶೇಖ್ ಫರೀದ ಇವರ ವಾಣಿಯೂ ಸೇರಿದೆ.

ಇನ್ನು ಲಂಗರ್. ಸಾಧಾರಣ ದಿನಗಳಲ್ಲಿಯೂ 50,000ಕ್ಕೂ ಹೆಚ್ಚು ಜನ ಉಣ್ಣುವ ಪಾಕಶಾಲೆ ಅದು. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರಬೇಕು. ರೊಟ್ಟಿಯನ್ನು ಎರಡೂ ಕೈ ಚಾಚಿ ಪ್ರಸಾದದಂತೆ ಸ್ವೀಕರಿಸಬೇಕು. ಯಾರ ಹೆಸರನ್ನೂ, ಕುಲವನ್ನೂ ಕೇಳುವುದಿಲ್ಲ. ಮೊದಲು ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು, ಆಮೇಲೆ ಗುರುವಿನ ದರ್ಶನ ಎಂಬುದು ಮೂರನೆಯ ಗುರು ಅಮರದಾಸರು ಮಾಡಿದ ಕಟ್ಟಳೆ. ಗೋಯಿಂದವಾಲಕ್ಕೆ ಬಂದ ಅಕ್ಬರ ಬಾದಶಹನೂ ಆ ಸಾಲಿನಲ್ಲಿಯೇ ಕುಳಿತು ಉಂಡನೆಂದು ಪರಂಪರೆ ಹೇಳುತ್ತದೆ.

ಈ ಲಂಗರಿನ ಮೂಲಕ್ಕೆ ವ್ಯಾಪಾರಸ್ಥರು ಕೇಳಬೇಕಾದ ಕಥೆಯೊಂದಿದೆ. ತರುಣ ನಾನಕರಿಗೆ ತಂದೆ 20 ರೂಪಾಯಿ ಕೊಟ್ಟು, ಲಾಭದ ವ್ಯಾಪಾರ ಮಾಡಿಕೊಂಡು ಬಾ ಎಂದು ಕಳುಹಿಸಿದರಂತೆ. ದಾರಿಯಲ್ಲಿ ಹಸಿದ ಸಾಧುಗಳು ಕಂಡರು. ನಾನಕರು ಇಡೀ ಬಂಡವಾಳವನ್ನು ಅವರ ಊಟಕ್ಕೆ ವೆಚ್ಚ ಮಾಡಿ ಬರಿಗೈಯಲ್ಲಿ ಹಿಂತಿರುಗಿದರು. ತಂದೆಗೆ ಕೋಪ ಬಂತು. ಸಿಖ್ಖರು ಅದನ್ನು ‘ಸಚ್ಚಾ ಸೌದಾ’, ಅಂದರೆ ನಿಜವಾದ ವ್ಯಾಪಾರ ಎಂದು ಇಂದಿಗೂ ನೆನೆಯುತ್ತಾರೆ.

ಕನ್ನಡ ನೆಲಕ್ಕೂ ಈ ಪರಂಪರೆಗೂ ನಂಟಿದೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದಸಿಂಗರು ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನ ಸಾಹಿಬ್ ಸಿಂಗ್, ಕ್ಷೌರಿಕ ವೃತ್ತಿಯ ಮನೆತನದವರು. ಆ ಐವರಿಗೆ ದೀಕ್ಷೆ ಕೊಟ್ಟ ಗುರುಗಳು, ಬಳಿಕ ಅವರ ಕೈಯಿಂದಲೇ ತಾವೂ ದೀಕ್ಷೆ ಪಡೆದರು.

ಭಕ್ತ ಬಾಂಧವರೇ, ಶರಣರ ದಾಸೋಹವನ್ನು ಬಲ್ಲ ಜನರಿಗೆ ಇದೇನೂ ಹೊಸ ಮಾತಲ್ಲ. ಆದರೆ ಊರಿನ ಅನ್ನಸಂತರ್ಪಣೆಯಲ್ಲಿ ಮೊದಲ ಪಂಕ್ತಿ ಯಾರದು, ಹೊರಗೆ ಕಾಯುವವರು ಯಾರು, ಎಂಜಲು ತಟ್ಟೆ ಎತ್ತುವವರು ಯಾರು ಎಂದು ಪ್ರತಿಯೊಬ್ಬರೂ ತಮ್ಮ ಮನಸ್ಸನ್ನೇ ಕೇಳಿಕೊಳ್ಳಬೇಕು. ಅಮೃತಸರದಲ್ಲಿ ಉಳ್ಳವರೂ ಅಪರಿಚಿತರ ಚಪ್ಪಲಿ ಒರೆಸುತ್ತಾರೆ, ಅಧಿಕಾರಿಯೂ ತಟ್ಟೆ ತೊಳೆಯುತ್ತಾನೆ. ಅಲ್ಲಿಗೆ ಹೋದವರು ಉಂಡು ಎದ್ದು ಬರಬಾರದು. ಒಂದು ಗಂಟೆಯಾದರೂ ಬೆಳ್ಳುಳ್ಳಿ ಸುಲಿಯಲಿ, ತಟ್ಟೆ ತೊಳೆಯಲಿ. ಭಾಷೆ ಬಾರದಿದ್ದರೂ ಆ ಕೆಲಸಕ್ಕೆ ಅಡ್ಡಿಯಿಲ್ಲ. ಊರಿಗೆ ಮರಳಿದ ಮೇಲೆ ಇಲ್ಲಿಯ ಪಂಕ್ತಿಯಲ್ಲಿಯೂ ಅದೇ ಕೈಗಳು ದುಡಿದರೆ ಯಾತ್ರೆಯ ಫಲ ದೊರೆತಂತೆ.

ಸರ್ವರಿಗೂ ಮಂಗಳವಾಗಲಿ.