ಗಜಕರ್ಣಕ್ಕೆ ಒಂದು ಮಂಡಲ



ಸಕಲೇಶಪುರ ಸೀಮೆಯ ಹೆತ್ತೂರಿನಲ್ಲಿ ಆರಿದ್ರೆಗೆ ಹಿಡಿದ ಮಳೆ ಪುನರ್ವಸು, ಪುಷ್ಯಗಳನ್ನು ದಾಟುವವರೆಗೆ ಒಗೆದ ಬಟ್ಟೆ ಬಿಸಿಲು ಕಾಣುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು, ಅರೆ ಒಣಗಿ, ಮತ್ತೆ ಮೈಗೇರುತ್ತದೆ. ಮೂಲೆಯಲ್ಲಿಟ್ಟ ಚಪ್ಪಲಿಯ ತೊಗಲಿಗೆ ನಾಲ್ಕೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ದಾಯಾದಿಯೊಂದು ಮನುಷ್ಯರ ತೊಗಲಿಗೂ ಬರುವುದುಂಟು. ಅದನ್ನೇ ನಾವು ಗಜಕರ್ಣವೆಂದೂ ಹುಳುಕಡ್ಡಿಯೆಂದೂ ಕರೆಯುತ್ತೇವೆ.

ನನಗೆ ಹತ್ತು ವರ್ಷವಾಗಿದ್ದಾಗ ಉಡಿದಾರದ ಕೆಳಗೆ ಬಳೆಯಗಲದ ಕೆಂಪು ಉಂಗುರವೊಂದು ಎದ್ದಿತು. ಅಜ್ಜಿ ನೋಡಿದಳು, ಬಯ್ಯಲಿಲ್ಲ. ಹಿಂದಿನ ವರ್ಷ ಬೇಲಿಯ ಬದಿಯಿಂದ ಬಿಡಿಸಿಟ್ಟಿದ್ದ ತಗಚೆಯ ಬೀಜವನ್ನು ಹುಳಿಮಜ್ಜಿಗೆಯಲ್ಲಿ ನೆನೆಸಿ, ಅರೆದು ಹಚ್ಚಿದಳು. ಒದ್ದೆಯಾಗಿದ್ದ ಉಡಿದಾರವನ್ನು ಕತ್ತರಿಸಿ ಒಲೆಗೆ ಹಾಕಿದಳು. ನನ್ನ ಬಟ್ಟೆ, ಚಾಪೆ, ಮೈ ಒರೆಸುವ ಪಂಚೆ ಬೇರೆಯಾದವು. ಬಟ್ಟೆಗಳು ದಿನವೂ ಕುದಿಯುವ ನೀರು ಕಂಡವು. ಒಣಮೀನು, ಬದನೆ, ಮೊಸರು, ಬೆಲ್ಲ ನಿಷಿದ್ಧವಾದವು. ಹಳೆಯ ಅಕ್ಕಿಯ ಗಂಜಿ, ಹೆಸರುಕಾಳಿನ ಕಟ್ಟು, ಹಾಗಲಕಾಯಿಯ ಪಲ್ಯ ಇಷ್ಟೇ ನನ್ನ ಪಾಲಿಗೆ ಉಳಿದದ್ದು.

“ಒಂದು ಮಂಡಲ ಕಣೋ ಮಗ. ನಡುವೆ ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕು” ಎಂದು ಹೇಳಿ, ಅಡಿಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೀಟು ಎಳೆಯತೊಡಗಿದಳು. ಹತ್ತನೆಯ ಗೀಟಿಗೆ ತುರಿಕೆ ನಿಂತಿತು. 48ನೆಯ ಗೀಟಿನವರೆಗೆ ಪಥ್ಯ ನಿಲ್ಲಲಿಲ್ಲ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೂ ಆ ಪಥ್ಯ ಚರಕಸಂಹಿತೆಯ ಕುಷ್ಠಚಿಕಿತ್ಸೆಯ ಅಧ್ಯಾಯಕ್ಕೆ ಬಹಳ ಸಮೀಪದ್ದೆಂದು ಮುಂದೆ ನನಗೆ ತಿಳಿಯಿತು. ಅಲ್ಲಿ ಈ ರೋಗದ ಹೆಸರು ದದ್ರು. ಚರಕನು ಅದನ್ನು ಕ್ಷುದ್ರಕುಷ್ಠಗಳಲ್ಲಿಯೂ ಸುಶ್ರುತನು ಮಹಾಕುಷ್ಠಗಳಲ್ಲಿಯೂ ಎಣಿಸುತ್ತಾರೆ. ಮೀನು, ಮೊಸರು, ಬೆಲ್ಲ, ಹುಳಿ ವರ್ಜ್ಯ. ಹಗುರವಾದ ಹಳೆಯ ಧಾನ್ಯ, ಹೆಸರು, ಕಹಿ ತರಕಾರಿ ಹಿತ. ತಗಚೆಗೆ ಸಂಸ್ಕೃತದಲ್ಲಿ ಚಕ್ರಮರ್ದವೆಂದೂ ದದ್ರುಘ್ನವೆಂದೂ ಹೆಸರು. ಹೆಸರು ಬರಿದೇ ಬಂದದ್ದಲ್ಲ: ಅದರ ಬೀಜದಲ್ಲಿರುವ ಕ್ರೈಸೋಫನಿಕ್ ಜಾತಿಯ ಪದಾರ್ಥವು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುವುದನ್ನು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ.

ಹಾಗೆಂದು ಪಥ್ಯದ ಊಟವೇ ರೋಗವನ್ನು ಕೊಲ್ಲುತ್ತದೆಂದು ಹೇಳಲಾರೆ. ಚರ್ಮದ ಇಂತಹ ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು 1841ರಲ್ಲಿ ಪ್ಯಾರಿಸ್ಸಿನ ವೈದ್ಯ ಡೇವಿಡ್ ಗ್ರೂಬಿ ಸೂಕ್ಷ್ಮದರ್ಶಕದಲ್ಲಿ ಕಂಡು ತೋರಿಸಿದನು. ಅದರ ಆಹಾರ ನಮ್ಮ ತಟ್ಟೆಯ ಅನ್ನವಲ್ಲ, ಚರ್ಮದ ಹೊರಪದರದ ಕೆರಾಟಿನ್. ಸುತ್ತಲೂ ಹೊರಕ್ಕೆ ಹಬ್ಬುತ್ತ, ನಡುವೆ ಮಾಯುತ್ತ ಹೋಗುವುದರಿಂದ ಅದಕ್ಕೆ ಉಂಗುರದ ಆಕಾರ. ಆ ಹೊರಪದರ ಕಳಚಿ ಹೊಸದು ಬರಲು ಸುಮಾರು ನಾಲ್ಕು ವಾರ ಬೇಕು. ತುರಿಕೆಯಾದರೋ ಅದಕ್ಕೆ ಬಹಳ ಮೊದಲೇ ನಿಲ್ಲುತ್ತದೆ. ಮಂಡಲದ ಗುಟ್ಟು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ತಟ್ಟೆಯಲ್ಲಿ ಒಣಮೀನು ಇಲ್ಲದಿದ್ದುದು, ರೋಗ ಇನ್ನೂ ಹೋಗಿಲ್ಲವೆಂದು ಊಟ ಊಟಕ್ಕೂ ನನಗೆ ಜ್ಞಾಪಿಸುತ್ತಿತ್ತು. ಮಧುಮೇಹವಿರುವವರಿಗೆ ಮಾತ್ರ ಊಟದ ಕಟ್ಟುನಿಟ್ಟು ನೇರವಾಗಿಯೇ ಮುಖ್ಯ. ಸಕ್ಕರೆ ಹತೋಟಿ ಮೀರಿದ ಮೈಯಲ್ಲಿ ಈ ಬೂಷ್ಟು ಸುಲಭವಾಗಿ ಬೇರೂರುತ್ತದೆ.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣ ನನ್ನ ತಂಗಿ. ಕೆಲವು ವರ್ಷಗಳ ಹಿಂದೆ ಅವಳಿಗೆ ಅದೇ ಉಂಗುರ ತೊಡೆಯಲ್ಲಿ ಕಾಣಿಸಿಕೊಂಡಿತು. ಕುಷ್ಠವೆಂಬ ಮಾತಿನ ಭಯ, ಜಾಗದ ನಾಚಿಕೆ. ಯಾರಿಗೂ ಹೇಳದೆ ಪೇಟೆಯ ಅಂಗಡಿಯಿಂದ ಮುಲಾಮು ತರಿಸಿ ಹಚ್ಚಿಕೊಂಡಳು. ನಾಲ್ಕು ದಿನಕ್ಕೆ ಕೆಂಪು ಅಡಗಿತು, ಬಿಟ್ಟಳು. ಮರಳಿತು, ಮತ್ತೆ ಹಚ್ಚಿದಳು. ಆ ಮುಲಾಮಿನಲ್ಲಿ ಸ್ಟಿರಾಯ್ಡ್ ಬೆರೆತಿತ್ತು. ಅದು ಉರಿಯನ್ನೂ ತುರಿಕೆಯನ್ನೂ ಅಡಗಿಸಿ, ಶಿಲೀಂಧ್ರಕ್ಕೆ ಒಳಗೊಳಗೇ ದಾರಿ ಬಿಡುತ್ತದೆ. ಅವಳು ಬಾಯಿ ಬಿಡುವ ಹೊತ್ತಿಗೆ ರೋಗ ಸೊಂಟಕ್ಕೇರಿತ್ತು, ಚರ್ಮ ಈರುಳ್ಳಿಯ ಸಿಪ್ಪೆಯಂತೆ ತೆಳುವಾಗಿತ್ತು, ತೊಡೆಯ ಮೇಲಿನ ಮೊಮ್ಮಗನಿಗೂ ಅಂಟಿತ್ತು. ಇಂತಹ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಸರ್ಕಾರ ನಿಯಮ ಬಿಗಿಗೊಳಿಸಿತು. ಮಾಮೂಲು ಔಷಧಿಗೆ ಬಗ್ಗದ ಒಂದು ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳು ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಆ ಹೆಸರಿನೊಳಗೆ ನಮ್ಮ ದೇಶದ ಹೆಸರೂ ಸೇರಿರುವುದು ಹೆಮ್ಮೆಪಡುವ ಸಂಗತಿಯಲ್ಲ.

ಮನೆಮದ್ದನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಅದರ ಎಲ್ಲೆಯನ್ನು ತಿಳಿಯಿರಿ ಎನ್ನುತ್ತೇನೆ. ಹಸಿ ಬೆಳ್ಳುಳ್ಳಿ, ಸೀಮೆಎಣ್ಣೆ ಹಚ್ಚಿ ಚರ್ಮವನ್ನು ಸುಟ್ಟುಕೊಳ್ಳಬೇಡಿ. ತಲೆ, ಉಗುರು, ಎಳೆಯ ಮಕ್ಕಳ ಮೈ, ಹಬ್ಬುತ್ತಿರುವ ಕಲೆ, ಇವು ವೈದ್ಯರ ಪಾಲು. ತುರಿಕೆಯೂ ಸ್ಪರ್ಶಜ್ಞಾನವೂ ಇಲ್ಲದ ಮಚ್ಚೆ ಕಂಡರೆ ತಡಮಾಡದೆ ತೋರಿಸಿ. ಅದು ನಿಜವಾದ ಕುಷ್ಠವಾಗಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ರೋಗ ಗುಣವಾಗುತ್ತದೆ. ಮೈಯನ್ನು ಒಣಗಿಸಿಡಿ, ಬಟ್ಟೆ ಬೇರೆಮಾಡಿ, ಮನೆಯಲ್ಲಿ ಅಂಟಿದವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಿರಿ, ಕಲೆ ಮಾಯವಾದ ಮೇಲೂ ವೈದ್ಯರು ಹೇಳಿದಷ್ಟು ದಿನ ಔಷಧಿ ಮುಂದುವರಿಸಿ.

ತಂಗಿಗೆ ಗುಣವಾಗಲು ತಿಂಗಳುಗಳೇ ಹಿಡಿದವು. ಅವಳು ಒಂದು ದಿನ, “ಅಣ್ಣಯ್ಯ, ಅಜ್ಜಿ ಇದ್ದಿದ್ದರೆ ಗೋಡೆಯ ಮೇಲೆ ಗೀಟು ಎಳೆಯುತ್ತಿದ್ದಳು” ಎಂದಳು. ಈಗಿನ ಗೋಡೆಗೆ ಸೊಸೆ ಬಣ್ಣ ಬಳಿಸಿದ್ದಾಳೆ. ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ, ಮುಲಾಮು ಹಚ್ಚಿದ ದಿನಕ್ಕೊಂದರಂತೆ, ಮೊಮ್ಮಗನೇ ಪೆನ್ಸಿಲಿನಲ್ಲಿ ಗೀಟು ಎಳೆದನು.