ಮಳವಳ್ಳಿಯಲ್ಲಿ ಎರಡು ದಿನ



ಬಿಸಿನೀರಿನ ಬುಗ್ಗೆಗಳುಳ್ಳ ಸಣ್ಣ ಊರುಗಳಲ್ಲಿ ಒಂದೆರಡು ದಿನ ತಂಗಿ ವಿಶ್ರಮಿಸುವುದು ಜಪಾನೀಯರ ಹಳೆಯ ರೂಢಿ. ನಮ್ಮಲ್ಲಿ ಪ್ರವಾಸವೆಂದರೆ ನೋಡಿದೊಡನೆ ಹಿಂದಿರುಗುವುದು. ಶಿವನಸಮುದ್ರಕ್ಕೆ ಹೋಗುವವರಲ್ಲಿ ಮಳವಳ್ಳಿಯಲ್ಲಿ ಇಳಿದುಕೊಳ್ಳುವವರು ವಿರಳ. ನಾವು ದಂಪತಿಗಳು ಅಲ್ಲಿ ಎರಡು ದಿನ ಉಳಿದೆವು.

ಮದ್ದೂರಿನವರೆಗೆ ರೈಲು, ಅಲ್ಲಿ ವಡೆ, ಕಾಫಿ, ಮುಂದಕ್ಕೆ ಬಸ್ಸು. ಮೊದಲನೆಯ ದಿನ ಗಗನಚುಕ್ಕಿಯನ್ನು ಕಂಡೆವು. ಕಡುಬೇಸಗೆಯಾದುದರಿಂದ ನೀರು ಬಂಡೆಗಳ ನಡುವೆ ಎಳೆಎಳೆಯಾಗಿ ಇಳಿಯುತ್ತಿತ್ತು. ನದಿಯ ಒಂದು ಪಾಲು ಜಲಪಾತವನ್ನು ಸೇರುವ ಮೊದಲೇ ವಿದ್ಯುದಾಗಾರದ ಕಾಲುವೆಗೆ ತಿರುಗುತ್ತದೆ. ಇಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಬೇಸಗೆಯಲ್ಲಿಯೂ ಯಂತ್ರಗಳಿಗೆ ನೀರು ತಪ್ಪಬಾರದೆಂಬುದು, 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿದ್ದಿತು.

ಎರಡನೆಯ ದಿನ ಹೊಲಗಳ ಕಡೆಗೆ ನಡೆದೆವು. ಆ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯದ ಕಬ್ಬಿನ ಬಯಲಿಗೆ ನೀರುಣಿಸಿ, ಮದ್ದೂರು ಮಳವಳ್ಳಿಗಳ ಕಡೆಗೂ ಬರುತ್ತದೆ. ಕಡೆಯ ಕಾಲುವೆಗಳ ರೈತನಿಗೆ ಕಡೆಯ ಸರದಿ. ಬದುವಿನ ಮೇಲೆ ಕುಳಿತಿದ್ದ ವೃದ್ಧರೊಬ್ಬರು, “ನೀವು ನೀರು ಬೀಳೋದು ನೋಡಕ್ಕೆ ಬಂದಿದ್ದೀರಿ ಸ್ವಾಮಿ, ನಾವು ನೀರು ಬರೋದು ಕಾಯ್ತಾ ಕೂತಿದ್ದೀವಿ” ಎಂದರು. ಜಲಪಾತ ಸಣ್ಣದಾಗಿದ್ದಿತೆಂಬ ಮಾತು ಆಮೇಲೆ ನಮ್ಮಿಬ್ಬರಲ್ಲಿ ಬರಲಿಲ್ಲ.

ಒಂದೇ ಕಾವೇರಿ ಗಣಿಗೆ, ದೀಪಕ್ಕೆ, ಕಬ್ಬಿಗೆ, ಬತ್ತಕ್ಕೆ ಹಂಚಿಹೋದ ಬಗೆಯನ್ನು ಒಂದು ಗಳಿಗೆಯ ನೋಟ ತಿಳಿಸಲಾರದು. ಶಿವನಸಮುದ್ರಕ್ಕೆ ಹೋಗುವವರು ಒಂದು ರಾತ್ರಿಯಾದರೂ ಮಳವಳ್ಳಿಯಲ್ಲಿ ನಿಲ್ಲಲಿ. ಧುಮುಕುವ ನೀರಿನೊಡನೆ, ಇನ್ನೂ ಬಾರದ ನೀರಿನ ಕಾಲುವೆಯನ್ನೂ ನೋಡಿ ಬರಲಿ.